‘ಹೊಡಿ’ ಎಂದರೆ ದೋಣಿ

ಈ ವರ್ಷದ ಚಳಿಗಾಲದಲ್ಲಿ ಒಂದು ದಿನ ಉಮರ್ಗಾದ ಪೇಟೆಗೆ ನೀಲಿ ದಾರ ಕೊಳ್ಳಲು ಹೋಗಿದ್ದೆ. ದಾರ, ಗುಂಡಿ, ಲೇಸು ಮಾರುವ ಆ ಅಂಗಡಿ ಎಷ್ಟು ಚಿಕ್ಕದೆಂದರೆ ಗಿರಾಕಿ ಒಳಗೆ ಬಂದರೆ ಅಂಗಡಿಕಾರ ಹೊರಗೆ ಬರಬೇಕು. ಅಲ್ಲಿಯ ಮುದುಕ ನನ್ನನ್ನು ಕಂಡ ಕೂಡಲೇ, ಕೇಳುವ ಮೊದಲೇ, ನೀಲಿ ದಾರದ ಡಬ್ಬಿ ಕೆಳಗಿಳಿಸಿದ.

“ಅಕ್ಕೋರ, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇಷ್ಟ್ ವರ್ಷಾತು, ಬರೀ ನೀಲೀನೇ ಒಯ್ತೀರಿ. ಮನ್ಯಾಗ ಸಮುದ್ರ ಹೊಲೀಲಾಕತ್ತೀರೇನ್ರಿ?”

“ಸಮುದ್ರ ಅಲ್ರಿ, ಬರೀ ದೋಣಿ,” ಎಂದೆ.

ಮುದುಕ ನಕ್ಕ. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ನಾನು ಮಾತ್ರ ಆ ದಿನ ನಗಲಿಲ್ಲ. ಪ್ರತಿ ವರ್ಷ ಹುಡುಗರ ತಂಡಕ್ಕೆ ಆರು ಲಡಿ ಕೊಳ್ಳುವವಳು ಈ ಸಲ ಹುಡುಗಿಯರಿಗೆಂದು ಎರಡು ಲಡಿ ಹಿಡಿದುಕೊಂಡು, ಒಂದನ್ನು ವಾಪಸು ಇಟ್ಟು, ಮತ್ತೆ ಎತ್ತಿಕೊಂಡೆ. ನಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಇನ್ನು ಒಂದೇ ಒಂದು ಆಟ ಉಳಿದಿತ್ತು. ಅದರಲ್ಲಿ ಒಂದಾದರೂ ಗೋಲು ಆಗದಿದ್ದರೆ ಮುಂದಿನ ವರ್ಷ ತಂಡವೇ ಇರುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ಇಲ್ಲದ ತಂಡಕ್ಕೆ ದೋಣಿ ಹೊಲಿಯುವುದು ಹೇಗೆ?

ದೋಣಿಯ ಕಥೆ ಹೇಳದೆ ಮುಂದೆ ಹೋದರೆ ನಿಮಗೂ ಆ ಅಂಗಡಿಯ ಮುದುಕನ ಹಾಗೆ ಅನ್ನಿಸೀತು. ಕರ್ನಾಟಕದ ಗಡಿಗೆ ಹತ್ತಿದ ಮಹಾರಾಷ್ಟ್ರದ ಈ ಉಮರ್ಗಾದಲ್ಲಿ ಹೆದ್ದಾರಿ ಇದೆ, ಅದರ ಮೇಲೆ ಹಗಲೆಲ್ಲ ಲಾರಿಗಳಿವೆ, ಕಬ್ಬು ಹೇರಿಕೊಂಡು ಓಲಾಡುವ ಟ್ರ್ಯಾಕ್ಟರುಗಳಿವೆ. ದೋಣಿ ಇಲ್ಲ. ಆದರೂ ನಮ್ಮೂರ ಕಾಲೇಜಿನ ಫುಟ್‌ಬಾಲ್ ಅಂಗಿಯ ಎಡ ಎದೆಯ ಮೇಲೆ ಒಂದು ನೀಲಿ ದೋಣಿ ಇರುತ್ತದೆ. ಹುಲಿ, ಸಿಂಹ, ಹದ್ದುಗಳ ಚಿತ್ರ ಹಾಕಿಕೊಂಡು ಬರುವ ಬೇರೆ ಊರಿನ ತಂಡದವರು ಅದನ್ನು ನೋಡಿ ಮೊದಲು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಕೇಳುತ್ತಾರೆ.

ನಾನು ಈ ಊರಿಗೆ ಸೊಸೆಯಾಗಿ ಬರುವುದಕ್ಕೂ ಎಷ್ಟೋ ವರ್ಷ ಮೊದಲು ನಮ್ಮ ಕಾಲೇಜಿನ ಹುಡುಗರು ಉದಗೀರಿಗೆ ಆಡಲು ಹೋಗಿದ್ದರಂತೆ. ನಮ್ಮ ಕಡೆಯ ಹುಡುಗರು ಪಾಠವನ್ನು ಮರಾಠಿಯಲ್ಲಿ ಕಲಿಯುತ್ತಾರೆ, ಜಗಳವನ್ನು ದಖನಿ ಉರ್ದುವಿನಲ್ಲಿ ಆಡುತ್ತಾರೆ. ಜೀವ ಬಾಯಿಗೆ ಬಂದಾಗ ಮಾತ್ರ ಅವ್ವನ ಕನ್ನಡ ಬರುತ್ತದೆ. ಚೆಂಡು ಉದಗೀರಿನ ಗೋಲಿನ ಎದುರು ಬಂದು ನಿಂತದ್ದೇ ತಡ, ಎಲ್ಲರೂ ಒಟ್ಟಿಗೆ “ಹೊಡಿ! ಹೊಡಿ!” ಎಂದು ಒದರಿದರು. ಮರಾಠಿಯಲ್ಲಿ ‘ಹೋಡೀ’ ಎಂದರೆ ದೋಣಿ. ನೋಡಲು ನಿಂತ ಉದಗೀರಿನ ಜನರಿಗೆ ಆಶ್ಚರ್ಯ. “ಅರೇ, ಹೋಡೀ? ಹೋಡೀ ಕುಠಂ ಆಹೇ?” ದೋಣಿ ಎಲ್ಲಿದೆಯಪ್ಪಾ ಎಂದು ಒಬ್ಬರನ್ನೊಬ್ಬರು ಕೇಳಿದರು. ಅದರಲ್ಲೊಬ್ಬ ಕಿಡಿಗೇಡಿ ಕುಡಿಯುವ ನೀರಿನ ಕೊಡ ತಂದು ಗೆರೆಯ ಹತ್ತಿರ ಸುರಿದು, “ಘ್ಯಾ, ಆತಾ ಚಾಲವಾ ಹೋಡೀ!” ಎಂದನಂತೆ. ತಗೊಳ್ಳಿ, ಈಗ ನಡೆಸಿರಿ ದೋಣಿ.

ಅಂದಿನ ಆಟ ಯಾರು ಗೆದ್ದರು ಎಂಬುದು ಹೇಳುವವರ ಊರನ್ನು ಅವಲಂಬಿಸಿದೆ. ಮೊದಲು “ಹೊಡಿ” ಎಂದವನು ಯಾರು ಎಂಬುದಕ್ಕೂ ನನಗೆ ಗೊತ್ತಿದ್ದಂತೆ ನಾಲ್ಕು ಜನ ಹಕ್ಕುದಾರರಿದ್ದಾರೆ. ನಾಲ್ವರೂ ಮೊಮ್ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಾರೆ. ಆದರೆ ‘ಹೋಡೀವಾಲೇ’, ದೋಣಿಯವರು, ಎಂಬ ಹೆಸರು ಹುಡುಗರ ಹಿಂದೆಯೇ ಊರಿಗೆ ಬಂತು. ಮರುವರ್ಷ ಅವರು ಉದಗೀರಿಗೆ ಹೋದಾಗ ಎಲ್ಲರ ಅಂಗಿಯ ಮೇಲೂ ಶಾಯಿಯಿಂದ ಬರೆದ ದೋಣಿ ಇತ್ತು. ಅಣಕಿಸಿದರೆ ಅದನ್ನೇ ಎದೆಗೆ ಹಚ್ಚಿಕೊಂಡು ತಿರುಗುವ ಜನ ನಮ್ಮವರು.

ಗಡಿಯ ಊರಿನ ತಂಡಕ್ಕೆ ಭಾಷೆಯೂ ಒಂದು ಆಟಗಾರ ಇದ್ದ ಹಾಗೆ. ಲಾತೂರಿನ ಕಡೆಯವರ ಎದುರು ನಮ್ಮವರು ಕನ್ನಡದಲ್ಲಿ ಹಂಚಿಕೆ ಹಾಕುತ್ತಾರೆ, ಬೀದರಿನವರ ಎದುರು ಮರಾಠಿಯಲ್ಲಿ. ಕೆಲವು ಸಲ ಇದು ತಿರುಗಿಬಿದ್ದದ್ದೂ ಉಂಟು. ಒಮ್ಮೆ ಚೆಂಡು ಮೆತ್ತಗಾಗಿದೆ ಎಂದು ನಮ್ಮ ನಾಯಕ ರೆಫರಿಯ ಹತ್ತಿರ ಓಡಿಹೋಗಿ “ಗಾಳಿ! ಗಾಳಿ!” ಎಂದ. ದೂರದ ಊರಿನ ಆ ರೆಫರಿಗೆ ಅದು ಹಿಂದಿಯ ‘ಗಾಲಿ’, ಅಂದರೆ ಬೈಗುಳ ಎಂದು ಕೇಳಿಸಿತು. ಹಳದಿ ಚೀಟಿ ತೋರಿಸಿದ. ಚೆಂಡಿಗೆ ಗಾಳಿ ಬೀಳಲೇ ಇಲ್ಲ.

ಇನ್ನು ನನ್ನ ವಿಷಯ. ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಮಾರ್ಥಾ ಕೇರಳದವರು. ಅವರಿಗೆ ದೇವರ ನಂತರ ಫುಟ್‌ಬಾಲು. ನಾವು ತಲೆ ತಗ್ಗಿಸಿ ಸ್ಟೆಮ್ ಸ್ಟಿಚ್ ಹಾಕುತ್ತಿದ್ದರೆ ಅವರು ಆಟದ ನಿಯಮಗಳ ಪುಸ್ತಕವನ್ನು ಬೈಬಲಿನ ರಾಗದಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಹಾಗಾಗಿ ನನಗೆ ಇಂದಿಗೂ ಆಫ್‌ಸೈಡ್ ಎಂದರೆ ಏನೆಂದು ಗೊತ್ತು. ಸೂಜಿಯ ಮೇಲೆ ಆಣೆ. ಆಟ ಮಾತ್ರ ಬರಲಿಲ್ಲ. ಚೆಂಡು ಹತ್ತಿರ ಬಂದರೆ “ಎಕ್ಸ್‌ಕ್ಯೂಸ್ ಮಿ” ಎಂದು ಅದಕ್ಕೆ ದಾರಿ ಬಿಟ್ಟವಳು ನಾನು. ಕೊನೆಗೆ ಸಿಸ್ಟರ್ ನನ್ನ ಕೈಗೆ ಒಂದು ಬಾವುಟ ಕೊಟ್ಟು ಗೆರೆಯ ಆಚೆ ನಿಲ್ಲಿಸಿದರು. ಅಲ್ಲಿ ನಾನು ಶೋಭಿಸಿದೆ.

ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮವರು, ಅಂದರೆ ನನ್ನ ಯಜಮಾನರು, ಒಂದು ಚೀಲ ತುಂಬ ಅಂಗಿ ತಂದು ಎದುರಿಗಿಟ್ಟರು. ಅವರು ಅದೇ ಕಾಲೇಜಿನಲ್ಲಿ ಓದುವಾಗ ಗೋಲು ಕಾದವರು, ಆಮೇಲೆ ಅಲ್ಲಿಯೇ ಕಾಮರ್ಸ್ ಕಲಿಸಲು ಸೇರಿದರು. ಫುಟ್‌ಬಾಲಿನ ಉಸ್ತುವಾರಿ ಅವರ ಕೊರಳಿಗೆ ಬಿತ್ತು. “ಶಾಯಿ ತೊಳದ್ರ ಹೋಗ್ತದ. ನಿನಗ ಹೊಲೀಲಿಕ್ಕ ಬರ್ತದಲ್ಲ, ಒಂದೊಂದ ದೋಣಿ ಹಾಕಿಕೊಡು,” ಎಂದರು. ನಾನಾದರೂ ದೋಣಿಯನ್ನು ಕಂಡದ್ದು ಇಂಗ್ಲಿಷ್ ರೀಡರಿನಲ್ಲಿ ಮಾತ್ರ. ಅದನ್ನೇ ನೆನೆಸಿಕೊಂಡು ಕೆಳಗೆ ಬಾಗಿದ ಒಡಲು, ಮೇಲೆ ಮುಕ್ಕೋನದ ಹಾಯಿ ಹಾಕಿದೆ. ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕಟವಾಗಿರಬೇಕು ಎಂಬ ಸಿಸ್ಟರರ ಮಾತಿಗೆ ತಪ್ಪಲಿಲ್ಲ. ನಮ್ಮ ಅತ್ತೆ ಅಂಗಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಹೊಲಿಗಿ ಚಂದ ಅದ ಬಿಡವಾ. ಆದ್ರ ಕಲ್ಲಂಗಡಿ ಹೋಳಿನ ಮ್ಯಾಲ ಚಾಕು ಯಾಕ ಚುಚ್ಚೀದಿ?”

ಆ ಕಲ್ಲಂಗಡಿಯೇ ಇಂದಿಗೂ ನಡೆದುಬಂದಿದೆ.

ಶಾಯಿಯ ಆ ಮೊದಲ ವರ್ಷ ಬಿಟ್ಟರೆ, ಎಲ್ಲರಿಗೂ ದೋಣಿ ಸಿಗುವುದಿಲ್ಲ. ಅಂಗಿ ತಂಡಕ್ಕೆ ಸೇರಿದ ದಿನವೇ ಸಿಗುತ್ತದೆ, ದೋಣಿ ಮೊದಲ ಗೋಲು ಹೊಡೆದ ಮೇಲೆ. ಗೋಲು ಕಾಯುವವರಿಗೆ ಮೊದಲ ಪೆನಾಲ್ಟಿ ಹಿಡಿದ ಮೇಲೆ. ಈ ನೇಮವನ್ನು ಯಾರು ಮಾಡಿದರೋ ತಿಳಿಯದು, ಮುರಿದವರು ಯಾರೂ ಇಲ್ಲ. ಔರಾದ ಶಹಾಜನಿಯಲ್ಲಿ ಕಾಳಿನ ವ್ಯಾಪಾರ ಮಾಡುವ ನಮ್ಮವರ ಗೆಳೆಯರೊಬ್ಬರಿದ್ದಾರೆ. ಮೂರು ವರ್ಷ ತಂಡದಲ್ಲಿ ಹಿಂದೆ ನಿಂತು ಆಡಿದವರು, ಒಂದೂ ಗೋಲಿಲ್ಲ. ಕೊನೆಯ ಆಟದಲ್ಲಿ ಗೆಳೆಯರು ಕರುಣೆಯಿಂದ ಪೆನಾಲ್ಟಿಯನ್ನು ಅವರಿಗೇ ಬಿಟ್ಟರು. ಚೆಂಡು ಕಂಬಕ್ಕೆ ಬಡಿದು ವಾಪಸು ಬಂತು. ಈಗಲೂ ಸಂತೆಯಲ್ಲಿ ಸಿಕ್ಕರೆ, ತಕ್ಕಡಿಯ ಹಿಂದಿನಿಂದ ಮರಾಠಿಯಲ್ಲಿ ಅತ್ತಿಗೆ ಎಂದು ಕೂಗುತ್ತಾರೆ.

“ವಹಿನಿ, ನನ್ನ ಹೋಡೀ?”

“ಗೋಲ್ ಹೊಡೀರಿ ಅಣ್ಣಾರ, ಹೊಲೀತೀನಿ.”

“ಈ ಹೊಟ್ಟಿ ಹೊತಗೊಂಡು ಹ್ಯಾಂಗ ಹೊಡೀಲ್ರಿ! ನೇಮ ಅಂದ್ರ ನೇಮ, ಹೌದಲ್ರಿ?” ಎಂದು ತಾವೇ ಉತ್ತರ ಹೇಳಿಕೊಂಡು ಒಂದು ಹಿಡಿ ಹೆಚ್ಚಿಗೆ ತೊಗರಿಬೇಳೆ ಚೀಲಕ್ಕೆ ಸುರಿಯುತ್ತಾರೆ.

ಹುಡುಗಿಯರ ತಂಡ ಈ ವರ್ಷವೇ ಹುಟ್ಟಿದ್ದು. ಅದಕ್ಕೆ ಕಾರಣ ಸಾಸ್ತೂರಿನ ಮಹಾದೇವಿ. ಬಿ.ಎಸ್ಸಿ. ಮೊದಲ ವರ್ಷ. ಬಿಗಿಯಾದ ಎರಡು ಜಡೆ, ಮಾತಾಡುವಾಗ ಎರಡನ್ನೂ ಹಿಂದಕ್ಕೆ ಎಸೆಯುವ ಅಭ್ಯಾಸ. ಒಂದು ದಿನ ಕಾಲೇಜಿನ ಮೈದಾನಕ್ಕೆ ಹತ್ತಿದ ನಮ್ಮ ಮನೆಯ ಅಂಗಳಕ್ಕೇ ಬಂದು, “ಸರ್, ಟೀಮ್ ನಮಗ್ಯಾಕಿಲ್ರಿ? ನಮಗ ಕಾಲಿಲ್ಲೇನ್ರಿ?” ಎಂದು ಕೇಳಿದಳು. ನಮ್ಮವರು ಹನ್ನೊಂದು ಜನರನ್ನು ಕೂಡಿಸು ಎಂದರು. ಎರಡು ವಾರದಲ್ಲಿ ತಾನೂ ಸೇರಿ ಹನ್ನೆರಡು ಜನರನ್ನು ಕೂಡಿಸಿದಳು. ಅವರಲ್ಲಿ ಲೋಹಾರಾದ ಭಾಗ್ಯಶ್ರೀ ಓಟದಲ್ಲಿ ಗಾಳಿ. ಮನೆಮಾತು ಮರಾಠಿ, ಕನ್ನಡ ಒಂದಕ್ಷರ ಬಾರದು. ಮಹಾದೇವಿ ಚೆಂಡು ತಂದುಕೊಡಬೇಕು, ಭಾಗ್ಯಶ್ರೀ ಗೋಲಿಗೆ ಹೊಡೆಯಬೇಕು. ಲೆಕ್ಕ ಸರಿಯಾಗಿಯೇ ಇತ್ತು.

ಚೆಂಡು ಮಾತ್ರ ಒಳಗೆ ಹೋಗಲಿಲ್ಲ. ನಾಲ್ಕು ಆಟ ಸೋತರು, ಒಂದೂ ಗೋಲಿಲ್ಲ. ಮಹಾದೇವಿ “ಹೊಡಿ!” ಎಂದಾಗಲೆಲ್ಲ ಭಾಗ್ಯಶ್ರೀ ಅರೆಕ್ಷಣ ತಡೆದು ನಿಲ್ಲುತ್ತಿದ್ದಳು. ಅಷ್ಟರಲ್ಲಿ ಎದುರಿನವರು ಚೆಂಡು ಒಯ್ದಿರುತ್ತಿದ್ದರು. “ನಿನಗೆಷ್ಟ್ ಸಲ ಹೇಳಬೇಕ, ಹೊಡಿ ಅಂದ್ರ ಮಾರ್, ಮಾರ್!” ಎಂದು ಮಹಾದೇವಿ ರೇಗಿದರೆ ಭಾಗ್ಯಶ್ರೀ ನನ್ನ ಹತ್ತಿರ ಬಂದು ಕಿವಿ ಹಿಡಿದುಕೊಂಡು ಹೇಳುತ್ತಿದ್ದಳು.

“ಕಾಕೂ, ಮಲಾ ಕಳತಂ ಹೋ. ಪಣ ಕಾನ ಮಾಝೇ ಮರಾಠೀ ಆಹೇತ!”

ನನಗೆ ತಿಳಿಯುತ್ತದೆ ಚಿಕ್ಕಮ್ಮ, ಆದರೆ ನನ್ನ ಕಿವಿ ಮರಾಠಿ! ಹೀಗೆಂದರೆ ಯಾರು ತಾನೇ ಬಯ್ದಾರು? ಮಹಾದೇವಿಗೂ ನಾನು ಹೇಳಿನೋಡಿದೆ, ನೀನೇ ‘ಮಾರ್’ ಎನ್ನಬಾರದೇ ಎಂದು. “ಅಂತೀನ್ರಿ ಕಾಕೂ, ಮನಸಿನ್ಯಾಗ ಮಾರ್ ಅಂತೀನಿ. ಬಾಯಾಗ ಬರೂದ್ರಾಗ ಹೊಡಿ ಆಗ್ತದ,” ಎಂದಳು. ಒಬ್ಬಳದು ಕಿವಿ, ಇನ್ನೊಬ್ಬಳದು ನಾಲಿಗೆ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಕಬಡ್ಡಿಯ ಹುಡುಗಿಯರು ಕಪ್ ಗೆದ್ದು ತರುತ್ತಾರೆ, ಅವರಿಗೆ ಸಂಜೆ ಮೈದಾನ ಬೇಕು. ಗೋಲೇ ಇಲ್ಲದ ತಂಡಕ್ಕೆ ಮೈದಾನ ಬಿಟ್ಟುಕೊಡುವುದು ಹೇಗೆ ಎಂಬುದು ಅವರ ನ್ಯಾಯ. “ಏಕ್ ಗೋಲ್, ಸರ್. ಫಕ್ತ ಏಕ್,” ಎಂದು ನಮ್ಮವರಿಗೆ ಒಂದೇ ಬೆರಳೆತ್ತಿ ತೋರಿಸಿದ್ದರು. ಅಂದು ಸಂಜೆ ಆ ಸುದ್ದಿ ಕೇಳಿ ಮಹಾದೇವಿ ನಮ್ಮ ಕಟ್ಟೆಯ ಮೇಲೆ ಕೂತು ಬೂಟಿನ ದಾರ ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು. ಜಡೆ ಹಿಂದಕ್ಕೆ ಎಸೆಯಲಿಲ್ಲ.

ಕೊನೆಯ ಆಟ ಉದಗೀರಿನಲ್ಲಿ. ಹುಡುಗಿಯರ ಜೊತೆ ಒಬ್ಬ ಹೆಂಗಸು ಹೋಗಲೇಬೇಕು. ಹೋಗಬೇಕಾಗಿದ್ದ ಮೇಡಮ್ಮರಿಗೆ ಪರೀಕ್ಷೆಯ ಕೆಲಸ ಬಿತ್ತು, ಹಾಗಾಗಿ ನನಗೆ ಕರೆ ಬಂತು. ಕೈಚೀಲದಲ್ಲಿ ನೀರಿನ ಬಾಟಲಿ, ಸೇಫ್ಟಿಪಿನ್ನುಗಳ ಗೊಂಚಲು, ಅರಿಶಿನಪುಡಿ, ಸೂಜಿ, ಆ ಎರಡು ಲಡಿ ದಾರ ಹಾಕಿಕೊಂಡೆ. ಮುಂಜಾನೆ ಹೊರಟ ಜೀಪಿನಲ್ಲಿ ಹನ್ನೆರಡು ಹುಡುಗಿಯರ ಇಪ್ಪತ್ತನಾಲ್ಕು ಮೊಣಕಾಲು, ನಡುವೆ ಎಲ್ಲೋ ನಾನು. ನಿಲಂಗಾದಲ್ಲಿ ಗಾಡಿ ನಿಲ್ಲಿಸಿ ಹಳದಿ ಬಣ್ಣದ ಬಿಸಿ ನಿಲಂಗಾ ರೈಸ್ ತಿಂದೆವು. ಆಟದ ಮೊದಲು ಹೊಟ್ಟೆ ತುಂಬ ತಿನ್ನಬಾರದು ಎಂದು ನಮ್ಮವರು ಭಾಷಣ ಮಾಡಿದರು, ಭಾಷಣ ಮುಗಿಯುವುದರೊಳಗೆ ಹುಡುಗಿಯರು ಎರಡನೆಯ ಪ್ಲೇಟು ಮುಗಿಸಿದ್ದರು. ಭಾಗ್ಯಶ್ರೀ ಒಬ್ಬಳೇ ತಿನ್ನಲಿಲ್ಲ. ಅಂಗೈಯ ಮೇಲೆ ಪೆನ್ನಿನಿಂದ ದೇವನಾಗರಿಯಲ್ಲಿ ‘ಹೊಡಿ = ಮಾರ್’ ಎಂದು ಬರೆದುಕೊಂಡಿದ್ದಳು.

ಕಪ್ಪು ಮಣ್ಣಿನ ಮೈದಾನ, ಅಲ್ಲಲ್ಲಿ ಬಿರುಕು. ಚೆಂಡು ಬಿರುಕಿಗೆ ಸಿಕ್ಕಿ ಕಪ್ಪೆಯಂತೆ ನೆಗೆಯುತ್ತಿತ್ತು. ಅರ್ಧ ಆಟದೊಳಗೆ ಉದಗೀರಿನವರು ಎರಡು ಗೋಲು ಹೊಡೆದರು. ನಮ್ಮವರು ವಿರಾಮದಲ್ಲಿ ಎಲ್ಲರಿಗೂ ಲಿಂಬೆಹೋಳು ಹಂಚಿದರು. ಉಳಿದದ್ದನ್ನು ಸಿಪ್ಪೆ ಸಮೇತ ತಾವೇ ಜಗಿದರು. ನಾನು ಗೆರೆಯ ಪಕ್ಕ ನಿಂತು, ಕೈಯಲ್ಲಿ ಬಾವುಟವಿಲ್ಲದೆ, ಸೆರಗಿನ ತುದಿ ಹಿಡಿದುಕೊಂಡಿದ್ದೆ.

ಆಟ ಮುಗಿಯಲು ಬಂದಿತ್ತು. ಮಹಾದೇವಿ ಬಲಗಡೆಯಿಂದ ಇಬ್ಬರನ್ನು ದಾಟಿ ಚೆಂಡನ್ನು ಗೋಲಿನ ಮುಂದಕ್ಕೆ ತಳ್ಳಿದಳು. ಚೆಂಡು ನಿಧಾನಕ್ಕೆ ಉರುಳುತ್ತಿತ್ತು. ಅದರ ಒಂದು ಬದಿಗೆ ನಮ್ಮ ಭಾಗ್ಯಶ್ರೀ, ಇನ್ನೊಂದು ಬದಿಗೆ ತನ್ನ ಗೋಲಿನ ಕಡೆಗೇ ಮುಖ ಮಾಡಿ ಓಡಿಬರುತ್ತಿದ್ದ ಉದಗೀರಿನ ಒಬ್ಬ ಎತ್ತರದ ಹುಡುಗಿ.

“ಹೊಡಿಽಽ!” ಎಂದಳು ಮಹಾದೇವಿ. ಮೈದಾನದಾಚೆಯ ಬೇವಿನಮರದ ಕಾಗೆಗಳು ಎದ್ದವು.

ಭಾಗ್ಯಶ್ರೀ ನಿಂತಳು. ಅಂಗೈ ನೋಡಿಕೊಂಡಳು. ದೇವರಾಣೆ, ನಾನು ಕಣ್ಣಾರೆ ಕಂಡೆ. ಆದರೆ ಆ ಎತ್ತರದ ಹುಡುಗಿ ನಿಲ್ಲಲಿಲ್ಲ. ಮಾತು ಕಿವಿಗೆ ಬಿದ್ದ ಕ್ಷಣವೇ ಕಾಲೆತ್ತಿ ಹೊಡೆದಳು. ಎಂಥ ಹೊಡೆತ! ಚೆಂಡು ಅವಳದೇ ಗೋಲಿನ ಬಲೆಗೆ ಹೋಗಿ ಬಿತ್ತು. ಗೋಲು ಕಾಯುವವಳು ಕೈ ಚಾಚುವುದನ್ನೂ ಮರೆತಳು.

ಹೊಡೆದ ಆ ಎತ್ತರದ ಹುಡುಗಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಳು.

“ಅಯ್ಯಯ್ಯಪ್ಪಾ, ಕನ್ನಡದಾಗ ಅಂದ್ಲಲ್ಲೋ!”

ಅವಳ ಹೆಸರು ಅಂಬಿಕಾ. ಬೀದರಿನ ಗಡಿಗೆ ಹತ್ತಿದ ಹಳ್ಳಿಯವಳು, ಮನೆಮಾತು ಕನ್ನಡ. ಉದಗೀರಿನ ತಂಡದಲ್ಲಿ ಕನ್ನಡದ ಕಿವಿ ಅವಳೊಬ್ಬಳದೇ. ಆಟ ಎರಡು-ಒಂದಕ್ಕೆ ಮುಗಿಯಿತು. ಸೋತ ನಮ್ಮ ಹುಡುಗಿಯರು ಕುಣಿಯುತ್ತಿದ್ದರು, ಗೆದ್ದ ತಂಡದ ಅಂಬಿಕಾ ನೀರಿನ ಟಾಕಿಯ ಹಿಂದೆ ಅಳುತ್ತಿದ್ದಳು. ಅವಳ ಗೆಳತಿಯರು ಹೋಗುತ್ತ ಬರುತ್ತ “ಕಾಯ ಗಂ, ಹೋಡೀ ಆಲೀ ಕಾ?” ಏನೇ, ದೋಣಿ ಬಂತೇ ಎಂದು ಚುಚ್ಚುತ್ತಿದ್ದರು.

ಮಹಾದೇವಿ ಕುಣಿಯುವುದನ್ನು ನಿಲ್ಲಿಸಿ ನನ್ನ ಹತ್ತಿರ ಬಂದಳು. “ಕಾಕೂ, ಸೂಜಿ ತಂದೀರಲ್ಲ? ದೋಣಿ ಯಾರಿಗ್ರಿ?”

“ಯಾರಿಗಂದ್ರ? ನೀ ಪಾಸ್ ಕೊಟ್ಟಿ…”

“ನಾ ಹೊಡದಿಲ್ರಿ. ಭಾಗ್ಯಾನೂ ಹೊಡದಿಲ್ಲ. ಹೊಡದಾಕಿ ಆಕಿ,” ಎಂದು ಟಾಕಿಯ ಕಡೆ ಗದ್ದ ತೋರಿಸಿದಳು. “ನೇಮ ಅಂದ್ರ ನೇಮ.”

ಮೂರು ವರ್ಷ ಆಡಿದ ಆ ಕಾಳಿನ ವ್ಯಾಪಾರಿಗೂ ಬಗ್ಗದ ನೇಮ ಇವಳ ಬಾಯಲ್ಲಿ ಹೀಗೆ ಬಂತು. ನಾನು ಟಾಕಿಯ ಹಿಂದೆ ಹೋಗಿ ಅಂಬಿಕಾಳ ಪಕ್ಕದಲ್ಲಿ ಕೂತೆ. ಅವಳು ಮೂಗು ಒರೆಸಿಕೊಂಡು ದುರುಗುಟ್ಟಿ ನೋಡಿದಳು.

“ನಗಲಿಕ್ಕ ಬಂದೀರೇನ್ರಿ ಕಾಕಿ? ನಮ್ಮಪ್ಪ ಹೊಲದಾಗ ‘ದನಾ ಹೊಡಿ’ ಅಂತಾನ, ನನ್ನ ಕೈಕಾಲು ತಾವೇ ಏಳ್ತಾವ. ನಾ ಏನ್ ಮಾಡ್ಲಿ?”

“ನಗಲಿಕ್ಕ ಬಂದಿಲ್ಲವಾ. ತೋಳ ಈ ಕಡೆ ಮಾಡು.”

ಎದೆಯ ಮೇಲೆ ಅವರ ಕಾಲೇಜಿನ ಗುರುತು ಇತ್ತು, ಅದಕ್ಕೆ ತೋಳಿನ ಅಂಚಿನಲ್ಲಿ ಹೊಲಿದೆ. ಹೊಲಿಯುತ್ತ ಕಥೆ ಹೇಳಿದೆ. ಕೊಡದ ನೀರು ಸುರಿದ ಉದಗೀರಿನವನ ಮಾತು ಬಂದಾಗ ಅವಳು ಅಳುತ್ತಲೇ ನಕ್ಕಳು, ಸೂಜಿ ನನ್ನ ಬೆರಳಿಗೆ ಚುಚ್ಚಿತು. ಹಿಂಬದಿ ಚೊಕ್ಕಟವಾಗಲಿಲ್ಲ. ಸಿಸ್ಟರ್ ಮಾರ್ಥಾ ಕ್ಷಮಿಸಲಿ. ಭಾಗ್ಯಶ್ರೀ ಪಕ್ಕದಲ್ಲಿ ನಿಂತು ತನಗೆ ಬರಬಹುದಾಗಿದ್ದ ದೋಣಿ ಬೇರೆಯವಳ ತೋಳಿನ ಮೇಲೆ ಮೂಡುವುದನ್ನು ನೋಡುತ್ತಿದ್ದಳು. ದಾರ ಕಡಿಯುವಾಗ ಕತ್ತರಿ ಇರಲಿಲ್ಲ, ಅವಳೇ ಬಗ್ಗಿ ಹಲ್ಲಿನಿಂದ ಕಡಿದುಕೊಟ್ಟಳು.

ಆದರೆ ಊರಿಗೆ ಬಂದ ಮೇಲೆ ಪ್ರಿನ್ಸಿಪಾಲರು ತಲೆಯಾಡಿಸಿದರು. ಗೋಲು ಹೊಡೆದದ್ದು ಉದಗೀರಿನವಳು, ನಮ್ಮ ಹುಡುಗಿಯರಲ್ಲ, ಇದನ್ನು ಹೇಗೆ ಲೆಕ್ಕಕ್ಕೆ ಹಿಡಿಯುವುದು ಎಂದರು. ನಮ್ಮವರು ಊಟಕ್ಕೆ ಬಂದು ಹೇಳಿದರು, ಮಜ್ಜಿಗೆಯನ್ನು ಸಾರಿನ ಮೇಲೆ ಸುರಿದುಕೊಂಡರು. ನಾನು ಕೈ ತೊಳೆದು ಸೀರೆ ಬದಲಿಸಿದೆ. ಎಷ್ಟೋ ವರ್ಷ ಕಾಲೇಜಿನ ಗೋಡೆಗೆ ಹತ್ತಿ ಸಂಸಾರ ಮಾಡಿದರೂ ಆ ಆಫೀಸಿನ ಹೊಸ್ತಿಲು ದಾಟಿದ್ದು ಅಂದೇ ಮೊದಲು.

ನನಗೊಂದು ಕಾಯಿಲೆ ಇದೆ. ಹೆದರಿದಾಗ ಬಾಯಿಂದ ಕಾನ್ವೆಂಟಿನ ಇಂಗ್ಲಿಷ್ ಬರುತ್ತದೆ. ಪ್ರಿನ್ಸಿಪಾಲರ ಎದುರು ಕೈಕಟ್ಟಿ ನಿಂತು, ನಿಯಮದ ಪುಸ್ತಕದಲ್ಲಿ ಚೆಂಡು ಯಾರ ಕಾಲಿನಿಂದ ಬಂತು ಎಂದು ಕೇಳುವುದಿಲ್ಲ, ಗೆರೆ ದಾಟಿತೇ ಎಂದು ಮಾತ್ರ ಕೇಳುತ್ತದೆ ಎಂದು ಸಿಸ್ಟರ್ ಮಾರ್ಥಾರ ರಾಗದಲ್ಲಿಯೇ ಒಪ್ಪಿಸಿದೆ. ಉದಗೀರಿನವರು ತಮ್ಮ ಫಲಕದ ಮೇಲೆ ನಮ್ಮ ಕಾಲೇಜಿನ ಹೆಸರಿನ ಕೆಳಗೆ ಒಂದು ಎಂದು ಬರೆದರು ಸರ್, ಸೋತವರಿಗೆ ಗೆದ್ದವರೇ ಬರೆದುಕೊಟ್ಟದ್ದನ್ನು ನಾವೇಕೆ ಒರೆಸಬೇಕು ಎಂದೆ. ಗಾಬರಿಯಾಗಿ ಅವರೂ ಇಂಗ್ಲಿಷಿನಲ್ಲಿಯೇ ಕೂತುಕೊಳ್ಳಿ ಎಂದರು. ಸ್ವಲ್ಪ ಹೊತ್ತು ಪೇಪರ್‌ವೇಟು ತಿರುಗಿಸಿದರು. ಆಮೇಲೆ ತಮ್ಮ ಮಾತಿಗೆ ಇಳಿದರು.

“ಮಗ ವಹಿನೀ, ಹೋಡೀ ಕೋಣಾಲಾ?” ಹಾಗಾದರೆ ದೋಣಿ ಯಾರಿಗೆ?

“ಹೊಡೆದವಳಿಗೇ ಸರ್. ಅಲ್ಲಿಯೇ ಹೊಲಿದುಕೊಟ್ಟು ಬಂದೆ.”

“ಉದಗೀರಲಾ?” ಎಂದರು. “ಹೋಡೀ ಉದಗೀರಲಾ ದಿಲೀ?” ದೋಣಿಯನ್ನು ಉದಗೀರಿಗೇ ಕೊಟ್ಟಿರಾ ಎಂದು ಇನ್ನೊಮ್ಮೆ ಕೇಳಿ, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗು ಮುಗಿಯುವ ಮೊದಲೇ ಸಿಪಾಯಿಯನ್ನು ಕರೆದು ಮೈದಾನದ ವೇಳಾಪಟ್ಟಿ ತರಿಸಿದರು. ಕಬಡ್ಡಿಯವರಿಗೆ ಮುಂಜಾನೆ, ಹುಡುಗಿಯರ ಫುಟ್‌ಬಾಲಿಗೆ ಸಂಜೆ ಐದರಿಂದ ಆರು, ಮುಂದಿನ ವರ್ಷಕ್ಕೂ ಇದೇ ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಮಾಡಿದರು.

ಈಗ ಸಂಜೆ ನಮ್ಮ ಅಡಿಗೆಮನೆಯ ಕಿಟಕಿಯಿಂದ ಹದಿನೆಂಟು ಹುಡುಗಿಯರು ಕಾಣುತ್ತಾರೆ. ಭಾಗ್ಯಶ್ರೀ ಕನ್ನಡ ಕಲಿಯಲು ಹಟ ಹಿಡಿದಿದ್ದಾಳೆ. ಯಾರಿಂದ ಕಲಿತಳೋ, ಮರ್ಯಾದೆಗೆ ಎಲ್ಲದಕ್ಕೂ ‘ರೀ’ ಹಚ್ಚಬೇಕು ಎಂಬುದನ್ನು ಮೊದಲು ಕಲಿತಿದ್ದಾಳೆ. ನಿನ್ನೆ ರೊಟ್ಟಿ ತಟ್ಟುತ್ತಿದ್ದೆ. ಮೈದಾನದಿಂದ ಅವಳ ದನಿ ತೇಲಿಬಂತು.

“ಮಹಾದೇವಿಯವರೇ, ದಯವಿಟ್ಟು ಹೊಡೀರೀ!”

ನಮ್ಮ ತಂಡದ ಇಷ್ಟು ವರ್ಷದ ಇತಿಹಾಸದಲ್ಲಿ ಯಾರೂ ಯಾರನ್ನೂ ಇಷ್ಟು ವಿನಯದಿಂದ ಕೇಳಿದ್ದಿಲ್ಲ. ಮಹಾದೇವಿ ನಗು ತಡೆಯಲಾರದೆ ಚೆಂಡಿನ ಮೇಲೆಯೇ ಕೂತುಬಿಟ್ಟಳು.